ನಾಣ್ಯ ಹಾಕಿದರೆ ನೀರು: ಮೈಕ್ರೊಕಂಟ್ರೋಲರ್ ಕಲಿಯುವವರಿಗೆ ಮೊದಲ ಪಾಠ

ಪಾವಗಡ ಸೀಮೆಯ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಅದಕ್ಕೇ ಇಲ್ಲಿನ ಹಳ್ಳಿಗಳಿಗೆ ಶುದ್ಧ ಕುಡಿಯುವ ನೀರಿನ ಘಟಕಗಳು ಬಂದವು. ಕ್ಯಾನ್ ಇಟ್ಟು ನಾಣ್ಯ ಹಾಕಿದರೆ ನೀರು ಬರುತ್ತದೆ, ಕ್ಯಾನ್ ತುಂಬುವ ಹೊತ್ತಿಗೆ ತಾನೇ ನಿಲ್ಲುತ್ತದೆ. ನಲ್ಲಿ ತಿರುಗಿಸುವವರು ಅಲ್ಲಿ ಯಾರೂ ಇಲ್ಲ. ನಾಣ್ಯದ ಪೆಟ್ಟಿಗೆಯ ಹಿಂದೆ ಒಂದು ಪುಟ್ಟ ಚಿಪ್ ಕೂತು ಎಣಿಸುತ್ತಿರುತ್ತದೆ. ಕೆಲವು ಯಂತ್ರಗಳಲ್ಲಿ ಅದು ಸೆಕೆಂಡು ಎಣಿಸಿದರೆ, ಇನ್ನು ಕೆಲವದರಲ್ಲಿ ಹರಿದ ನೀರನ್ನೇ ಎಣಿಸುತ್ತದೆ. ಅದೇ ಮೈಕ್ರೊಕಂಟ್ರೋಲರ್. ಅದಕ್ಕೆ ಪ್ರೋಗ್ರಾಂ ಬರೆಯಲು ಕಲಿಯಬೇಕೆನ್ನುವವರಿಗೆ ಈ ಘಟಕಕ್ಕಿಂತ ಒಳ್ಳೆಯ ಪಠ್ಯಪುಸ್ತಕ ನನಗಂತೂ ಕಂಡಿಲ್ಲ.

ನಮ್ಮ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಬಹಳ ಕಾಲ ಈ ಪಾಠ ಶುರುವಾಗುತ್ತಿದ್ದುದು ಇಂಟೆಲ್ 1980ರಲ್ಲಿ ತಂದ 8051 ಚಿಪ್ಪಿನಿಂದ. ರಿಜಿಸ್ಟರುಗಳ ಪಟ್ಟಿ ಬಾಯಿಪಾಠ ಮಾಡುವಷ್ಟರಲ್ಲಿ ಸೆಮಿಸ್ಟರ್ ಮುಗಿದಿರುತ್ತಿತ್ತು. ಮೊದಲ ಬಾರಿಗೆ ಕಲಿಯುವವರಿಗೆ ಅದು ಸರಿಯಾದ ದಾರಿಯಲ್ಲ. ಆರ್ಡ್ಯುನೊ ಬೋರ್ಡ್ 2005ರಲ್ಲಿ ಇಟಲಿಯ ಇವ್ರಿಯಾ ಪಟ್ಟಣದಲ್ಲಿ ಹುಟ್ಟಿದ್ದೇ ಎಲೆಕ್ಟ್ರಾನಿಕ್ಸ್ ಓದದ ವಿನ್ಯಾಸ ವಿದ್ಯಾರ್ಥಿಗಳಿಗಾಗಿ. ಅದರ 'ಊನೊ' ಮಾದರಿಯಲ್ಲಿರುವ ಚಿಪ್ಪಿನಲ್ಲಿ ಪ್ರೋಗ್ರಾಂ ಇಡಲು 32 ಕಿಲೋಬೈಟ್ ಜಾಗ, ಲೆಕ್ಕ ನೆನಪಿಡಲು 2 ಕಿಲೋಬೈಟ್. ಮೊಬೈಲಿನಲ್ಲಿ ತೆಗೆದ ಒಂದು ಫೋಟೊ ಕೂಡ ಇದರಲ್ಲಿ ಹಿಡಿಸದು. ನೀರಿನ ಘಟಕ ನಡೆಸಲು ಇಷ್ಟು ಧಾರಾಳ.

ಘಟಕವನ್ನು ಮೇಜಿನ ಮೇಲೆ ಕಟ್ಟೋಣ. ನಾಣ್ಯದ ಬದಲು ಒಂದು ಒತ್ತುಗುಂಡಿ, ನೀರು ಬಿಡುವ ವಾಲ್ವ್ ಬದಲು ಒಂದು ಎಲ್‌ಇಡಿ. ಎಲ್‌ಇಡಿ ಜೊತೆ 220 ಓಮ್‌ನ ರೆಸಿಸ್ಟರ್ ಇರಲಿ, ಇಲ್ಲದಿದ್ದರೆ ಮಿತಿಮೀರಿ ಕರೆಂಟ್ ಹರಿದು ದೀಪವೋ ಪಿನ್ನೋ ಹಾಳಾಗುತ್ತದೆ. ಗುಂಡಿ ಒತ್ತಿದರೆ ದೀಪ ಹತ್ತಲಿ, ಒತ್ತಿದ ಲೆಕ್ಕ ಒಂದು ಏರಲಿ ಎಂದು ನಾಲ್ಕು ಸಾಲು ಬರೆದು ನೋಡಿ. ಒಮ್ಮೆ ಒತ್ತಿದರೆ ಲೆಕ್ಕ ಮೂರೋ ನಾಲ್ಕೋ ತೋರಿಸುತ್ತದೆ! ಪ್ರೋಗ್ರಾಂ ಸರಿಯಾಗಿಯೇ ಇದೆ, ಕುಣಿಯುತ್ತಿರುವುದು ಗುಂಡಿ. ಒಳಗಿನ ಲೋಹದ ಪಟ್ಟಿಗಳು ಕೂಡುವಾಗ ಕೆಲವು ಮಿಲಿಸೆಕೆಂಡು ಅದುರುತ್ತವೆ. ಚಿಪ್ ಸೆಕೆಂಡಿಗೆ 1.6 ಕೋಟಿ ಮಿಡಿತದ ವೇಗದಲ್ಲಿ ಓಡುವುದರಿಂದ ಪ್ರತಿ ಅದುರುವಿಕೆಯೂ ಅದಕ್ಕೆ ಹೊಸ ನಾಣ್ಯವೇ. ಮೊದಲ ಸಂಕೇತ ಬಂದ ಮೇಲೆ ಇಪ್ಪತ್ತು ಮೂವತ್ತು ಮಿಲಿಸೆಕೆಂಡು ಬೇರೇನನ್ನೂ ಕಿವಿಗೆ ಹಾಕಿಕೊಳ್ಳಬೇಡ ಎಂದು ಬರೆದರೆ ಲೆಕ್ಕ ಸರಿಹೋಗುತ್ತದೆ.

ಮುಂದಿನದು ನೀರಿನ ಅಳತೆ. ವೈಎಫ್-ಎಸ್201 ಎಂಬ ಅಗ್ಗದ ಫ್ಲೋ ಸೆನ್ಸರ್ ಸಿಗುತ್ತದೆ. ನೀರು ಹರಿದಾಗ ಒಳಗಿನ ಪುಟ್ಟ ಚಕ್ರ ತಿರುಗುತ್ತದೆ, ಚಕ್ರದ ಆಯಸ್ಕಾಂತ ಹಾದುಹೋದಾಗಲೆಲ್ಲ ಒಂದು ಮಿಡಿತ ಹೊರಡುತ್ತದೆ. ಲೀಟರಿಗೆ ಸುಮಾರು 450 ಮಿಡಿತ. 20 ಲೀಟರಿನ ಕ್ಯಾನಿಗೆ 9,000 ಮಿಡಿತ ಎಣಿಸಿ ವಾಲ್ವ್ ಮುಚ್ಚಿದರಾಯಿತು. ಯಾರೋ ಒಟ್ಟಿಗೆ ನಾಲ್ಕು ನಾಣ್ಯ ಹಾಕಿದರು ಎನ್ನಿ. ಆಗ 80 ಲೀಟರ್, ಅಂದರೆ 36,000 ಮಿಡಿತ. ಊನೊದಲ್ಲಿ ಹೊಸಬರೆಲ್ಲ ಬಳಸುವ 'ಇಂಟ್' ಎಂಬ ಲೆಕ್ಕದ ಡಬ್ಬಿಯಲ್ಲಿ ಹಿಡಿಸುವುದು 32,767ರವರೆಗೆ ಮಾತ್ರ. ಅದು ದಾಟಿದೊಡನೆ ಲೆಕ್ಕ ಋಣಸಂಖ್ಯೆಗೆ ಜಿಗಿಯುತ್ತದೆ. 36,000 ಎಂದೂ ಬರುವುದಿಲ್ಲ, ವಾಲ್ವ್ ಮುಚ್ಚುವುದಿಲ್ಲ, ನೀರು ಚರಂಡಿ ಸೇರುತ್ತದೆ. 'ಅನ್‌ಸೈನ್ಡ್ ಲಾಂಗ್' ಎಂಬ ದೊಡ್ಡ ಡಬ್ಬಿಗೆ ಬದಲಿಸಿದರೆ 429 ಕೋಟಿವರೆಗೂ ಚಿಂತೆಯಿಲ್ಲ. ನೀರಿನ ಬರದ ಊರಿನಲ್ಲಿ ಈ ಪಾಠವನ್ನು ಯಾರೂ ಮರೆಯಲಾರರು.

ಇನ್ನೊಂದು ಚಟ ಮೊದಲೇ ಬಿಡಬೇಕು. ಎಲ್ಲರೂ ಮೊದಲು ಕಲಿಯುವ 'ಡಿಲೇ' ಆಜ್ಞೆ ಹಾಕಿದರೆ, ಅಷ್ಟು ಹೊತ್ತು ಮುಖ್ಯ ಪ್ರೋಗ್ರಾಂ ಮುಂದಕ್ಕೆ ಹೋಗುವುದಿಲ್ಲ. ಆ ನಡುವೆ ಬಿದ್ದ ನಾಣ್ಯ ಲೆಕ್ಕಕ್ಕೆ ಸಿಗದೆ ಹೋಗಬಹುದು. ಮಿಡಿತ ಎಣಿಸುವ ಕೆಲಸವನ್ನು, ಸಂಕೇತ ಬಂದೊಡನೆ ನಡೆಯುತ್ತಿರುವ ಕೆಲಸವನ್ನು ತಡೆದು ಅದನ್ನು ಗಮನಿಸುವ 'ಇಂಟರಪ್ಟ್'ಗೆ ಒಪ್ಪಿಸುವುದು ಜಾಣತನ. ಊನೊದಲ್ಲಿ 2 ಮತ್ತು 3ನೇ ಪಿನ್‌ಗಳು ಇದಕ್ಕೆಂದೇ ಇವೆ.

ಇಷ್ಟು ಬಂದರೆ ಇದೇ ಪಾವಗಡ ಸೀಮೆಯ ಬಲಸಮುದ್ರದ ಕಡೆಯ ದೊಡ್ಡ ಯಂತ್ರವೂ ಅರ್ಥವಾಗತೊಡಗುತ್ತದೆ. ತಿರುಮಣಿ, ವಳ್ಳೂರು, ಬಲಸಮುದ್ರ ಮೊದಲಾದ ಐದು ಗ್ರಾಮಗಳ ಸುಮಾರು 13,000 ಎಕರೆಯಲ್ಲಿ, ರೈತರಿಂದ ಗುತ್ತಿಗೆಗೆ ಪಡೆದ ಜಮೀನಿನಲ್ಲಿ, 2,050 ಮೆಗಾವಾಟ್‌ನ ಸೋಲಾರ್ ಪಾರ್ಕ್ ಹರಡಿದೆ. ಮೋಡ ಬಂದು ಹೋದಂತೆಲ್ಲ ಫಲಕದಿಂದ ಗರಿಷ್ಠ ವಿದ್ಯುತ್ ಸಿಗುವ ವೋಲ್ಟೇಜ್ ಬದಲಾಗುತ್ತಿರುತ್ತದೆ. ಸೌರ ಇನ್ವರ್ಟರುಗಳು ಅದನ್ನು ಹುಡುಕುವ ಒಂದು ಪ್ರಸಿದ್ಧ ವಿಧಾನ ಹೀಗಿದೆ: ವೋಲ್ಟೇಜನ್ನು ಚೂರು ಸರಿಸು, ವಿದ್ಯುತ್ ಹೆಚ್ಚಿದರೆ ಅದೇ ದಿಕ್ಕಿಗೆ ಮುಂದುವರಿ, ಕುಸಿದರೆ ಹಿಂದಕ್ಕೆ ಬಾ. ಚಿಪ್ ದಿನವಿಡೀ ಇದನ್ನೇ ಮಾಡುತ್ತಿರುತ್ತದೆ. ನಾಣ್ಯ ಎಣಿಸಿದವರಿಗೆ ಇದನ್ನು ಬರೆಯುವುದು ಕಷ್ಟವಲ್ಲ.

ಬೋರ್ಡ್ ಕೊಳ್ಳುವ ಮುಂಚೆ ಟಿಂಕರ್‌ಕ್ಯಾಡ್ ತಾಣದಲ್ಲಿ ಪುಕ್ಕಟೆಯಾಗಿ, ತೆರೆಯ ಮೇಲೇ ಸರ್ಕ್ಯೂಟ್ ಕಟ್ಟಿ ಓಡಿಸಬಹುದು. ಆಮೇಲೆ ಕೈಯಲ್ಲಿ ಬೋರ್ಡ್ ಹಿಡಿದರೂ 5 ವೋಲ್ಟಿನಲ್ಲೇ ಇರಿ. ತೋಟದ ಪಂಪ್‌ಸೆಟ್ಟಿನ ಸ್ಟಾರ್ಟರಿಗೆ ಕೈ ಹಾಕುವ ಆಸೆ ಬಂದೇ ಬರುತ್ತದೆ. ಅದು ಮೂರು ಫೇಸಿನ ಕರೆಂಟ್, ಪ್ರಾಣಕ್ಕೆ ಅಪಾಯ. ಅದನ್ನು ಬಲ್ಲ ಎಲೆಕ್ಟ್ರಿಷಿಯನ್ ಪಕ್ಕದಲ್ಲಿಲ್ಲದೆ ಬೇಡ.

ಕೊನೆಗೆ ಮೇಷ್ಟರುಗಳಿಗೊಂದು ಮಾತು. ನೀತಿ ಆಯೋಗ 2016ರಲ್ಲಿ ಶುರುಮಾಡಿದ ಅಟಲ್ ಟಿಂಕರಿಂಗ್ ಲ್ಯಾಬ್ 6ರಿಂದ 12ನೇ ತರಗತಿಯ ಮಕ್ಕಳಿಗಾಗಿಯೇ ಇದೆ. ನಿಮ್ಮ ಶಾಲೆಗೆ ಅದು ಬಂದಿದ್ದರೆ ಬೋರ್ಡುಗಳನ್ನು ಬೀರುವಿನಿಂದ ತೆಗೆದು ಮಕ್ಕಳ ಕೈಗೆ ಕೊಡಿ. ಒಂದೆರಡು ಸುಟ್ಟುಹೋದರೆ ಹೋಗಲಿ.