ಡ್ರಾಕುಲಾನಿಗಿಂತ ಮೊದಲು ಕಾರ್ಮಿಲಾ

ಕಕ್ಕಡ ತಿಂಗಳ ಮಳೆ ಹಿಡಿದರೆ ಮಾದಾಪುರದಲ್ಲಿ ಕರೆಂಟು ನೆಚ್ಚುವಂತಿಲ್ಲ. ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಕಾಲದಿಂದಲೂ ನಾನು ದೆವ್ವದ ಕಥೆಗಳನ್ನು ಓದುವುದು ಈ ತಿಂಗಳಲ್ಲೇ. ಹಳೆಯ ಶಿಷ್ಯರು ಸಿಕ್ಕಾಗ ಕೇಳುತ್ತಾರೆ: "ಸಾರ್, ಡ್ರಾಕುಲಾ ನಿಜವಾಗ್ಲೂ ಇದ್ದನಂತಲ್ಲ?"

ಇದ್ದ. ಈಗಿನ ರೊಮೇನಿಯಾದಲ್ಲಿ, 15ನೇ ಶತಮಾನದಲ್ಲಿ, ಶತ್ರುಗಳನ್ನು ಶೂಲಕ್ಕೇರಿಸಿದ ವ್ಲಾದ್ ಎಂಬ ದೊರೆ. ಆದರೆ 'ಡ್ರಾಕುಲಾ' ಕಾದಂಬರಿ ಬರೆದ ಬ್ರಾಮ್ ಸ್ಟೋಕರ್ ಅವನಿಂದ ಪಡೆದದ್ದು ಹೆಸರು ಮತ್ತು ಚೂರುಪಾರು ಇತಿಹಾಸ, ಅಷ್ಟೆ. 1890ರ ಮಾರ್ಚಿನಲ್ಲೇ ಕಾದಂಬರಿಯ ಟಿಪ್ಪಣಿ ಶುರುವಾಗಿತ್ತು. ಡ್ರಾಕುಲಾ ಎಂಬ ಹೆಸರು ಸಿಕ್ಕಿದ್ದು ಆ ಬೇಸಿಗೆಯಲ್ಲಿ, ವಿಟ್ಬಿ ಎಂಬ ಕಡಲೂರಿನ ಗ್ರಂಥಾಲಯದಲ್ಲಿ. ರಕ್ತಪಿಪಾಸು ಮೊದಲು ಬಂದ, ಹೆಸರು ಆಮೇಲೆ. ಹಾಗಾದರೆ ಆ ರಕ್ತಪಿಪಾಸು ಬಂದದ್ದೆಲ್ಲಿಂದ? ಸಣ್ಣಕಥೆಗಳಿಂದ.

1815ರಲ್ಲಿ ಇಂಡೋನೇಷ್ಯಾದ ತಂಬೋರಾ ಜ್ವಾಲಾಮುಖಿ ಸಿಡಿಯಿತು. ಅದು ಉಗುಳಿದ ಗಂಧಕದ ಅನಿಲ ಬಾನಿಗೇರಿ, ಮರುವರ್ಷ ಯುರೋಪಿಗೆ ಬೇಸಿಗೆಯೇ ಬರಲಿಲ್ಲ. ಜಿನೀವಾ ಸರೋವರದ ದಡದ ಮನೆಯಲ್ಲಿ ಮಳೆಗೆ ಸಿಕ್ಕಿಕೊಂಡ ಕವಿ ಬೈರನ್ ಮತ್ತು ಗೆಳೆಯರು ಹೊತ್ತು ಕಳೆಯಲು ದೆವ್ವದ ಕಥೆ ಕಟ್ಟಿದರು. ಮೇರಿ ಶೆಲ್ಲಿಯ ಕಥೆ 'ಫ್ರಾಂಕೆನ್‌ಸ್ಟೈನ್' ಆಯಿತು. ಬೈರನ್ ಅರ್ಧಕ್ಕೆ ಬಿಟ್ಟದ್ದನ್ನು ಹಿಡಿದು ಅವನ ವೈದ್ಯ ಪೊಲಿಡೊರಿ 'ದ ವ್ಯಾಂಪೈರ್' ಬರೆದ. 1819ರಲ್ಲಿ ಅದು ಬೈರನ್ನನ ಹೆಸರಿನಲ್ಲೇ ಅಚ್ಚಾಯಿತೆಂಬುದು ಆ ಬಡಪಾಯಿಯ ದುರದೃಷ್ಟ. ಅಲ್ಲಿಯವರೆಗೆ ಹಳ್ಳಿಯ ಗೋರಿಯಲ್ಲಿ ಊದಿಕೊಂಡು ಮಲಗಿದ್ದ ಹೆಣಕ್ಕೆ ಶ್ರೀಮಂತನ ಉಡುಪು ತೊಡಿಸಿ, ಊಟದ ಮೇಜಿಗೆ ಕರೆತಂದವನು ಪೊಲಿಡೊರಿ.

ನನ್ನ ಪ್ರೀತಿಯ ಕಥೆ ಮಾತ್ರ ಜೋಸೆಫ್ ಶೆರಿಡನ್ ಲೆ ಫಾನು ಬರೆದ 'ಕಾರ್ಮಿಲಾ'. 1872ರ ಸಂಕಲನದಲ್ಲಿದೆ. ಲೆ ಫಾನು, ಸ್ಟೋಕರ್ ಇಬ್ಬರೂ ಡಬ್ಲಿನ್ನಿನವರು; ಲೆ ಫಾನುವಿನ ಪಾಲಿದ್ದ ಪತ್ರಿಕೆಗೆ ಸ್ಟೋಕರ್ ಸಂಬಳವಿಲ್ಲದೆ ನಾಟಕ ವಿಮರ್ಶೆ ಬರೆಯುತ್ತಿದ್ದ. ಆಸ್ಟ್ರಿಯಾದ ಸ್ಟಿರಿಯಾ ಸೀಮೆಯ ಒಂಟಿ ಕೋಟೆ, ಅತಿಥಿಯಾಗಿ ಬರುವ ಚೆಲುವೆ, ದಿನದಿನಕ್ಕೆ ಬಿಳಿಚಿಕೊಳ್ಳುವ ಹುಡುಗಿ, ಇದೆಲ್ಲ ಬಲ್ಲ ಮುದುಕ, ಎದೆಗೆ ಗೂಟ: ಎಲ್ಲವೂ ಇಲ್ಲೇ ಇವೆ. ಸ್ಟೋಕರನ ಮೊದಲ ಟಿಪ್ಪಣಿಗಳಲ್ಲಿ ಕೋಟೆಯಿದ್ದದ್ದೂ ಸ್ಟಿರಿಯಾದಲ್ಲೇ! ಟ್ರಾನ್ಸಿಲ್ವೇನಿಯಾಕ್ಕೆ ಅದು ಆಮೇಲೆ ಹೋಯಿತು. ಅವನು ತೀರಿಕೊಂಡ ಮೇಲೆ, 1914ರಲ್ಲಿ, ಹೆಂಡತಿ ಪ್ರಕಟಿಸಿದ 'ಡ್ರಾಕುಲಾಸ್ ಗೆಸ್ಟ್' ಕಥೆಯಲ್ಲೂ ಸ್ಟಿರಿಯಾದ ಒಬ್ಬಳು ಕೌಂಟೆಸ್ ಗೋರಿಯಲ್ಲಿ ಮಲಗಿದ್ದಾಳೆ.

ನಮ್ಮ ಬೇತಾಳನ ಮಾತೂ ಬರಬೇಕು. ರಿಚರ್ಡ್ ಬರ್ಟನ್ 1870ರಲ್ಲಿ ವಿಕ್ರಮ-ಬೇತಾಳ ಕಥೆಗಳನ್ನು 'ವ್ಯಾಂಪೈರ್' ಎಂದೇ ಹೆಸರಿಟ್ಟು ಇಂಗ್ಲಿಷಿಗೆ ತಂದ. ಸ್ಟೋಕರ್ ಅವನನ್ನು ಭೇಟಿಯಾಗಿದ್ದ. ಮಾತಾಡುವಾಗ ತುಟಿ ಸರಿದು ಕಾಣುತ್ತಿದ್ದ ಬರ್ಟನ್ನನ ಕೋರೆಹಲ್ಲು ಅವನ ಮನಸ್ಸಿನಲ್ಲಿ ಉಳಿಯಿತು. ಬೇತಾಳ ಕಥೆಗಳಿರುವ 'ಕಥಾಸರಿತ್ಸಾಗರ' ಗುಣಾಢ್ಯನ 'ಬೃಹತ್ಕಥೆ'ಯನ್ನು ಮೂಲವೆನ್ನುತ್ತದೆ. ಆ ಬೃಹತ್ಕಥೆಯನ್ನು ಸಂಸ್ಕೃತಕ್ಕೆ ತಂದ ಕೀರ್ತಿಯನ್ನು ಶಾಸನಗಳು ನಮ್ಮ ಗಂಗ ದೊರೆ ದುರ್ವಿನೀತನಿಗೆ ಕೊಡುತ್ತವೆ. ಹೆಮ್ಮೆಪಡೋಣ. ಆದರೆ ಬೇತಾಳನೇ ಡ್ರಾಕುಲಾನ ತಾತ ಎನ್ನುವುದನ್ನು ನಾನು ಒಪ್ಪಲಾರೆ. ಬೇತಾಳ ಹೆಣದೊಳಗೆ ಹೊಕ್ಕು ಒಗಟು ಕೇಳುತ್ತಾನೆ, ರಾಜನ ವಿವೇಕವನ್ನು ಪರೀಕ್ಷಿಸುತ್ತಾನೆ, ಕೊನೆಗೆ ಅವನ ಜೀವವನ್ನೂ ಉಳಿಸುತ್ತಾನೆ. ಸ್ಟೋಕರ್ ಬರ್ಟನ್ನನಿಂದ ಹಲ್ಲು ಪಡೆದಿರಬಹುದು, ಕಥೆಯನ್ನಂತೂ ಪಡೆದದ್ದು ಲೆ ಫಾನುವಿನಿಂದ.

1897ರ 'ಡ್ರಾಕುಲಾ'ವನ್ನು ಇನ್ನೂ ಓದದವರು ದಯವಿಟ್ಟು 'ಕಾರ್ಮಿಲಾ'ದಿಂದ ಶುರುಮಾಡಿ. ಒಂದು ಮಳೆಯ ಸಂಜೆಯಲ್ಲಿ ಮುಗಿಯುತ್ತದೆ.