ಅಳಿದುಳಿದ ಮೂಕಚಿತ್ರಗಳು

ಮಾತಿಲ್ಲದೆ ಮನಸ್ಸನ್ನು ಕಲಕಬಹುದೆ? 1916ರಲ್ಲಿ ತೆರೆಗೆ ಬಂದ ‘ಹೆಲ್ಸ್ ಹಿಂಜಸ್’ ಎಂಬ ಅಮೆರಿಕದ ಮೂಕಚಿತ್ರವನ್ನು ನೋಡಿದವರು ಅಹುದೆಂದೇ ಹೇಳಿಯಾರು. ಷೇಕ್ಸ್‌ಪಿಯರನ ನಾಟಕಗಳಲ್ಲಿ ಪಳಗಿದ್ದ ವಿಲಿಯಂ ಎಸ್. ಹಾರ್ಟ್ ಇದರಲ್ಲಿ ಪಶ್ಚಿಮದ ಗಡಿನಾಡಿನ ಒರಟು ಬಂದೂಕುಗಾರ. ಊರಿಗೆ ಬಂದ ಪಾದ್ರಿಯನ್ನು ಎದುರಿಸಲು ಹೊರಟವನು ಆತನ ಸೋದರಿಯ ಮುಖವನ್ನು ಕಂಡು ಮೆತ್ತಗಾಗುತ್ತಾನೆ. ಅವನ ಬಾಳೇ ಹೊರಳುತ್ತದೆ. ಇಲ್ಲಿ ಕಣ್ಣು, ಹುಬ್ಬು, ತುಟಿಗಳೇ ಭಾಷೆ. ಮಾತು ಬಿಟ್ಟ ತೆರವನ್ನು ಪ್ರೇಕ್ಷಕನು ತನ್ನ ಭಾವದಿಂದಲೇ ತುಂಬಿಕೊಳ್ಳುತ್ತಾನೆ. ಈ ಚಿತ್ರಗಳ ಆಕರ್ಷಣೆಯ ಗುಟ್ಟು ಇದೇ.

ಆದರೆ ಇಂಥವು ಇಂದು ಬಲು ವಿರಳ. 1912ರಿಂದ 1929ರವರೆಗೆ ಅಮೆರಿಕದಲ್ಲಿ ಬಿಡುಗಡೆಯಾದ ಸುಮಾರು 11,000 ಪೂರ್ಣಾವಧಿಯ ಮೂಕಚಿತ್ರಗಳಲ್ಲಿ ಮೂಲರೂಪದಲ್ಲಿ ಉಳಿದಿರುವುದು ನೂರಕ್ಕೆ 14 ಮಾತ್ರವೆಂದು ಅಲ್ಲಿನ ಕಾಂಗ್ರೆಸ್ ಗ್ರಂಥಾಲಯವು 2013ರಲ್ಲಿ ಪ್ರಕಟಿಸಿದ ಅಧ್ಯಯನ ತಿಳಿಸುತ್ತದೆ. ವಾಕ್ಚಿತ್ರಗಳು ಬಂದಮೇಲೆ ಮೂಕಚಿತ್ರಗಳಿಗೆ ಬೆಲೆ ಇಲ್ಲವಾಯಿತು. ಒಳಗಿನ ಬೆಳ್ಳಿಗಾಗಿ ಎಷ್ಟೋ ಸುರುಳಿಗಳನ್ನು ಕರಗಿಸಿದರು.

ಮಿಕ್ಕವುಗಳಿಗೆ ಅವುಗಳ ಒಡಲೇ ಶತ್ರುವಾಯಿತು. ಅಂದಿನ ಫಿಲ್ಮಿನ ಪಟ್ಟಿಯನ್ನು ಮಾಡುತ್ತಿದ್ದುದು ಸೆಲ್ಯುಲೋಸ್ ನೈಟ್ರೇಟಿನಿಂದ. ಅದು ಗನ್ ಕಾಟನ್ ಎಂಬ ಸ್ಫೋಟಕದ ಹತ್ತಿರದ ಬಂಧು. ಉರಿಯಲು ಬೇಕಾದ ಆಮ್ಲಜನಕವು ಅದರ ಅಣುವಿನಲ್ಲಿಯೇ ಇರುವುದರಿಂದ ನೀರಿನಲ್ಲಿ ಮುಳುಗಿಸಿದರೂ ಬೆಂಕಿ ಆರದು. ಬೆಂಕಿ ತಾಗದಿದ್ದರೂ ಅದು ಮೆಲ್ಲನೆ ನೈಟ್ರೋಜನ್ನಿನ ಆಕ್ಸೈಡುಗಳನ್ನು ಬಿಡುತ್ತದೆ. ಇವು ತೇವದೊಡನೆ ಕೂಡಿ ನೈಟ್ರಿಕ್ ಆಮ್ಲವಾಗಿ, ಬೆಳ್ಳಿಯ ಕಣಗಳಿಂದಾದ ಬಿಂಬವನ್ನೂ ಅದನ್ನು ಹಿಡಿದಿಟ್ಟ ಜೆಲಟಿನ್ನನ್ನೂ ತಿನ್ನುತ್ತವೆ. ಸುರುಳಿಯು ಮೊದಲು ಮಾಸಿ, ಬಳಿಕ ಅಂಟಾಗಿ, ಕಡೆಗೆ ಕಂದುಪುಡಿಯಾಗುತ್ತದೆ. 1937ರ ಜುಲೈ ತಿಂಗಳ ಸೆಕೆಯಲ್ಲಿ ನ್ಯೂಜೆರ್ಸಿಯ ಲಿಟ್ಲ್ ಫೆರಿ ಎಂಬಲ್ಲಿದ್ದ ಫಾಕ್ಸ್ ಸಂಸ್ಥೆಯ ಉಗ್ರಾಣ ಹೊತ್ತಿಕೊಂಡಿತು; ಟಾಮ್ ಮಿಕ್ಸ್ ನಟಿಸಿದ ಅನೇಕ ಕೌಬಾಯ್ ಚಿತ್ರಗಳು ಬೂದಿಯಾದುವು.

ಇದಕ್ಕೆ ಶೈತ್ಯವೇ ರಕ್ಷೆ. ಕೆನಡದ ಡಾಸನ್ ನಗರದಲ್ಲಿ 1929ರಲ್ಲಿ ಬೇಡವಾದ ಸುರುಳಿಗಳನ್ನು ಹಳೆಯ ಈಜುಕೊಳಕ್ಕೆ ಸುರಿದು ಮಣ್ಣು ಮುಚ್ಚಿದ್ದರು. 1978ರಲ್ಲಿ ಅಗೆದಾಗ ಅವುಗಳಲ್ಲಿ 533 ಸುರುಳಿಗಳು ಕೈಗೆ ಬಂದುವು. ಹೆಪ್ಪುಗಟ್ಟಿದ ನೆಲವು ರಾಸಾಯನಿಕ ಕ್ರಿಯೆಯನ್ನು ತಡೆದು ನಿಧಾನಗೊಳಿಸಿತ್ತು. ಇಂದಿನ ಚಿತ್ರಭಂಡಾರಗಳೂ ನೈಟ್ರೇಟ್ ಸುರುಳಿಗಳನ್ನು ತಂಪಾದ, ಒಣಗಿದ ಕೋಣೆಗಳಲ್ಲಿ ಇಡುತ್ತವೆ.

ಹಾರ್ಟನು ಕಡೆಯದಾಗಿ ನಾಯಕನಾದ ‘ಟಂಬಲ್‌ವೀಡ್ಸ್’ 1925ರ ಚಿತ್ರ. 1939ರಲ್ಲಿ ಅದು ಮರಳಿ ತೆರೆಗೆ ಬಂದಾಗ, ಎಪ್ಪತ್ತು ದಾಟಿದ ಆತ ಅದರ ಮುನ್ನುಡಿಯಲ್ಲಿ ಸ್ವಂತ ದನಿಯಲ್ಲಿ ಮಾತಾಡಿ ಪ್ರೇಕ್ಷಕರನ್ನು ಬೀಳ್ಕೊಂಡ. ಆ ದನಿಯೂ ಆ ಮೌನವೂ ಉಳಿದಿವೆ. ಆದರೆ ಒಂದು ಸುರುಳಿ ಪುಡಿಯಾದಾಗ ಕಥೆಯನ್ನು ಬರೆದಿಟ್ಟ ಕಾಗದ ಉಳಿದೀತು. ಮಾತಿಗೆ ಬದಲಾಗಿ ನಿಂತ ಆ ಮುಖವನ್ನು ಮರಳಿ ಪಡೆಯುವ ಉಪಾಯವಿಲ್ಲ.