ಸೋರದ ಆಯಿಲ್ ಹೋಗುವುದೆಲ್ಲಿಗೆ?

ಪ್ರಶ್ನೆ: ನನ್ನ ಪೆಟ್ರೋಲ್ ಕಾರು ಒಂದೂವರೆ ಲಕ್ಷ ಕಿ.ಮೀ. ದಾಟಿದೆ. ನೆಲಕ್ಕೆ ಹನಿಯೂ ಬೀಳುವುದಿಲ್ಲ, ಆದರೂ ಎಂಜಿನ್ ಆಯಿಲ್ ಇಳಿಯುತ್ತಲೇ ಇದೆ. ಏಕೆ?

ಉತ್ತರ: ಬಹುಪಾಲು ಪೆಟ್ರೋಲಿನ ಜೊತೆಗೇ ಉರಿದುಹೋಗುತ್ತಿದೆ. ಎಲ್ಲಿಂದ ಒಳನುಗ್ಗುತ್ತಿದೆ ಎನ್ನುವುದನ್ನು ಹೊಗೆಯೇ ಸಾಕಷ್ಟು ಹೇಳಿಬಿಡುತ್ತದೆ. ರಾತ್ರಿಯೆಲ್ಲ ನಿಂತ ಗಾಡಿ ಬೆಳಿಗ್ಗೆ ಸ್ಟಾರ್ಟ್ ಮಾಡಿದೊಡನೆ ಒಮ್ಮೆ ನೀಲಿ ಹೊಗೆ ಉಗುಳಿ ಸುಮ್ಮನಾದರೆ, ಗಟ್ಟಿಯಾದ ವಾಲ್ವ್ ಸೀಲುಗಳ ಮೇಲೆ ಅನುಮಾನ. ಗೇರಿನಲ್ಲೇ ಘಾಟಿ ಇಳಿದು, ಕೆಳಗೆ ಮತ್ತೆ ಆಕ್ಸಿಲರೇಟರ್ ತುಳಿದಾಗ ಹೊಗೆ ಬಂದರೂ ಅದೇ. ಏರು ಹತ್ತುವಾಗ, ಭಾರ ಬಿದ್ದಾಗಲೆಲ್ಲ ಬಂದರೆ ಪಿಸ್ಟನ್ ರಿಂಗ್ ಸವೆದಿರಬಹುದು.

ಎಂಜಿನ್ ಬಿಚ್ಚಲು ಒಪ್ಪುವ ಮುನ್ನ, ಎಂಜಿನ್ನಿನ ತಳಭಾಗದ ಅನಿಲವನ್ನು ಮತ್ತೆ ಉರಿಯಲು ಕಳಿಸುವ ಪಿಸಿವಿ ವಾಲ್ವ್ ನೋಡಿಸಿ. ಅದು ಕೆಟ್ಟರೂ ಆಯಿಲ್ ಗಾಳಿಯೊಂದಿಗೆ ಒಳಸೇರುತ್ತದೆ. ಬಿಡಿಭಾಗ ಸಾಮಾನ್ಯವಾಗಿ ಅಗ್ಗ. ಆಮೇಲೆ ಕಂಪ್ರೆಷನ್ ಪರೀಕ್ಷೆ. ಒತ್ತಡ ಕಡಿಮೆಯಿದ್ದ ಸಿಲಿಂಡರಿಗೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ಅಳೆದಾಗ ಒತ್ತಡ ಏರಿದರೆ ದೋಷ ರಿಂಗಿನ ಕಡೆಗೆ, ಏರದಿದ್ದರೆ ವಾಲ್ವ್ ಅಥವಾ ಗ್ಯಾಸ್ಕೆಟ್ ಕಡೆಗೆ. ಇಷ್ಟನ್ನೂ ಮಾಡದೆ ‘ರೀಬೋರ್’ ಎನ್ನುವ ಮೆಕ್ಯಾನಿಕ್‌ಗೆ ಕೀಲಿಕೈ ಕೊಡಬೇಡಿ.

ಅಂದಹಾಗೆ, 1,000 ಕಿ.ಮೀ.ಗೆ ಎಷ್ಟು ಹಾಕಿದಿರಿ ಎಂದು ಬರೆದಿಡಿ. ಕಾಲು ಲೀಟರಾದರೆ ಆಗಾಗ ತುಂಬಿಸಿಕೊಂಡು ಓಡಿಸಬಹುದು. ಲೀಟರ್ ಸಮೀಪಿಸಿದರೆ ರಿಪೇರಿ ಮುಂದೂಡಬೇಡಿ, ಸುಟ್ಟ ಆಯಿಲ್ ಕ್ಯಾಟಲಿಟಿಕ್ ಕನ್ವರ್ಟರನ್ನೂ ಹಾಳುಮಾಡುತ್ತದೆ.